ಅಂದಾಜು ಕಟ್ಟುವ ಕಸುಬು: ಓದುಗರ ಪ್ರಶ್ನೆ, ನಮ್ಮ ಉತ್ತರ

ದೇಶದ ಬೆಳವಣಿಗೆ, ಹಣದುಬ್ಬರ ಮುಂತಾದವನ್ನು ಮುಂಚಿತವಾಗಿ ಅಂದಾಜು ಮಾಡುವ ಸಂಶೋಧನೆಯನ್ನೇ ವೃತ್ತಿ ಮಾಡಿಕೊಳ್ಳುವ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕೇಳಿದ್ದೆವು. ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಕೆಲವನ್ನು ಆರಿಸಿದ್ದೇವೆ. ಒಂದೇ ವಿಷಯ ಕೇಳಿದವರ ಪತ್ರಗಳನ್ನು ಸೇರಿಸಿ ಒಂದೇ ಉತ್ತರ ಕೊಟ್ಟಿದ್ದೇವೆ.

ಪ್ರಶ್ನೆ: ನನ್ನ ಮಗಳು ಬಿ.ಎ. ಎರಡನೇ ವರ್ಷದಲ್ಲಿದ್ದಾಳೆ, ಅರ್ಥಶಾಸ್ತ್ರ ಮುಖ್ಯ ವಿಷಯ. ಟಿವಿಯಲ್ಲಿ ಜಿಡಿಪಿ ಇಷ್ಟಾಗುತ್ತದೆ ಎಂದು ಹೇಳುತ್ತಾರಲ್ಲ, ಆ ಕೆಲಸ ಮಾಡಬೇಕು ಅಂತಾಳೆ. ಪಿಯುಸಿಯಲ್ಲಿ ಗಣಿತ ತಗೊಂಡಿರಲಿಲ್ಲ. ಆಗುತ್ತದೆಯೇ? ಎಷ್ಟು ವರ್ಷ ಬೇಕು?
— ಓದುಗರೊಬ್ಬರು, ವಿನೋಬನಗರ, ಶಿವಮೊಗ್ಗ

ಉತ್ತರ: ಆಗುತ್ತದೆ, ಆದರೆ ಗಣಿತವನ್ನು ಈಗಲಾದರೂ ಹಿಡಿಯಬೇಕು. ಟಿವಿಯಲ್ಲಿ ಕಾಣುವವರು ಹೆಚ್ಚಾಗಿ ಬ್ಯಾಂಕ್, ಷೇರು ಸಂಸ್ಥೆಗಳ ಅರ್ಥಶಾಸ್ತ್ರಜ್ಞರು. ಅವರು ಅಂಕಿ ಹೇಳಬೇಕು, ಅದೇ ಅವರ ಕೆಲಸ. ವಿಶ್ವವಿದ್ಯಾಲಯದ ಸಂಶೋಧಕರು ನೋಡುವುದು ಬೇರೆ: ಯಾವ ವಿಧಾನ ಎಷ್ಟು ತಪ್ಪುತ್ತದೆ, ಯಾವಾಗ ತಪ್ಪುತ್ತದೆ, ಏಕೆ. ಮಗಳಿಗೆ ಇವೆರಡರಲ್ಲಿ ಯಾವುದು ಬೇಕು ಎಂದು ಮೊದಲು ಕೇಳಿ. ಮೊದಲನೆಯದಕ್ಕೆ ಒಳ್ಳೆಯ ಎಂ.ಎ. ಸಾಕಾಗಬಹುದು. ಎರಡನೆಯದಕ್ಕೆ ಪಿಎಚ್‌ಡಿ ಇಲ್ಲದೆ ನಡೆಯದು.

ಗಣಿತವನ್ನು ಈ ಕ್ರಮದಲ್ಲಿ ಕಲಿಯಲಿ: ಕಲನಶಾಸ್ತ್ರದಲ್ಲಿ ಅವಕಲನ ಮತ್ತು ಗರಿಷ್ಠ-ಕನಿಷ್ಠ ಲೆಕ್ಕ, ಆಮೇಲೆ ಮ್ಯಾಟ್ರಿಕ್ಸ್, ಐಗನ್ ಬೆಲೆಯವರೆಗೆ, ಆಮೇಲೆ ಸಂಭವನೀಯತೆ, ಕೇಂದ್ರೀಯ ಮಿತಿ ಪ್ರಮೇಯದವರೆಗೆ, ಕೊನೆಗೆ ರಿಗ್ರೆಶನ್. ದಿನಕ್ಕೆ ಒಂದೂವರೆ ಗಂಟೆ ಕೂತು ಲೆಕ್ಕ ಬಿಡಿಸಿದರೆ ಒಂದು ವರ್ಷ, ಒಂದೂಕಾಲು ವರ್ಷ ಹಿಡಿಯುತ್ತದೆ. ಕ್ರಮ ತಪ್ಪಿಸಿ ನೇರವಾಗಿ ಸಾಫ್ಟ್‌ವೇರ್‌ಗೆ ಕೈಹಾಕಿದವರು ಎಂ.ಎ. ಎರಡನೇ ಸೆಮಿಸ್ಟರ್‌ನಲ್ಲಿ ಸಿಕ್ಕಿಬೀಳುತ್ತಾರೆ. ಗುಂಡಿ ಒತ್ತಿದರೆ ಉತ್ತರ ಬರುತ್ತದೆ, ಅದು ತಪ್ಪೆಂದು ತಿಳಿಯುವ ದಾರಿ ಅವರಲ್ಲಿರುವುದಿಲ್ಲ.

ಎಂ.ಎ.ಗೆ ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್, ಮುಂಬೈಯ ಇಂದಿರಾ ಗಾಂಧಿ ಅಭಿವೃದ್ಧಿ ಸಂಶೋಧನಾ ಸಂಸ್ಥೆ (1987ರಲ್ಲಿ ರಿಸರ್ವ್ ಬ್ಯಾಂಕ್ ಕಟ್ಟಿದ್ದು), ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ, ಮದ್ರಾಸ್ ಸ್ಕೂಲ್ ಆಫ್ ಎಕನಾಮಿಕ್ಸ್, ನಮ್ಮಲ್ಲೇ ಬೆಂಗಳೂರಿನ ಅಂಬೇಡ್ಕರ್ ಸ್ಕೂಲ್ ಆಫ್ ಎಕನಾಮಿಕ್ಸ್ ನೋಡಬಹುದು. ಕೆಲವು ಕಡೆ ಪಿಯುಸಿಯಲ್ಲೋ ಪದವಿಯಲ್ಲೋ ಗಣಿತ ಇರಲೇಬೇಕೆಂಬ ಷರತ್ತಿರುತ್ತದೆ, ಶುಲ್ಕ ಕಟ್ಟುವ ಮೊದಲು ಆ ಸಾಲನ್ನು ಓದಿ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲೇ ಎಂ.ಎ. ಮಾಡಿದರೂ ಬಾಗಿಲು ಮುಚ್ಚುವುದಿಲ್ಲ. ಎಕನಾಮೆಟ್ರಿಕ್ಸ್ (ಆರ್ಥಿಕ ಅಂಕಿಗಳಿಗೆ ಸಂಖ್ಯಾಶಾಸ್ತ್ರ ಹಚ್ಚುವ ವಿಷಯ) ಐಚ್ಛಿಕವಾಗಿ ಸಿಕ್ಕಿದರೆ ಬಿಡಬಾರದು, ಅಷ್ಟೇ. ಪಿಎಚ್‌ಡಿಗೆ ಬೆಂಗಳೂರಿನ ಐಸೆಕ್ (ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆ) ಇದೆ, ವಿ.ಕೆ.ಆರ್.ವಿ. ರಾವ್ ಅವರು 1972ರಲ್ಲಿ ಸ್ಥಾಪಿಸಿದ್ದು. ಪದವಿಯ ಮೂರು ವರ್ಷದ ಮೇಲೆ ಎಂ.ಎ. ಎರಡು, ಪಿಎಚ್‌ಡಿ ನಾಲ್ಕರಿಂದ ಆರು. ಗೈಡ್ ಆರಿಸುವಾಗ ಹೆಸರು ನೋಡಬೇಡಿ, ಕಳೆದ ಐದು ವರ್ಷದಲ್ಲಿ ಅವರು ಟೈಮ್ ಸೀರೀಸ್ (ಕಾಲಕ್ರಮದಲ್ಲಿ ಬರುವ ಅಂಕಿಗಳ ಸರಣಿ) ಮೇಲೆ ಬರೆದಿದ್ದಾರೆಯೇ ನೋಡಿ.

ಪ್ರಶ್ನೆ: ಒಂದೇ ವರ್ಷದ ಜಿಡಿಪಿಗೆ ಸರ್ಕಾರವೇ ನಾಲ್ಕು ಅಂಕಿ ಕೊಡುತ್ತದೆ. ಇನ್ನು ಮುಂಚೆಯೇ ಅಂದಾಜು ಹೇಳಿದವರು ಸರಿಯೋ ತಪ್ಪೋ ಅಂತ ಯಾರು ತೀರ್ಮಾನಿಸುವುದು? ಇದಕ್ಕೆ ಸಂಬಳ ಬೇರೆ!
— ಅಡಿಕೆ ಬೆಳೆಗಾರರು, ತೀರ್ಥಹಳ್ಳಿ

ಉತ್ತರ: ಕೋಪದಲ್ಲಿ ಕೇಳಿದ್ದರೂ ಈ ಕಸುಬಿನ ಮರ್ಮಕ್ಕೇ ಕೈಹಾಕಿದ್ದೀರಿ. 2023-24ನ್ನೇ ತೆಗೆದುಕೊಳ್ಳಿ. 2024ರ ಜನವರಿಯ ಮೊದಲ ಮುಂಗಡ ಅಂದಾಜು 7.3 ಶೇಕಡ. ಫೆಬ್ರವರಿ ಕೊನೆಯಲ್ಲಿ 7.6. ಮೇ ಕೊನೆಯ ತಾತ್ಕಾಲಿಕ ಅಂದಾಜು 8.2. 2025ರ ಫೆಬ್ರವರಿಯ ಪರಿಷ್ಕೃತ ಅಂದಾಜು 9.2. ರಿಸರ್ವ್ ಬ್ಯಾಂಕ್ 2023ರ ಏಪ್ರಿಲ್‌ನಲ್ಲಿ ಅದೇ ವರ್ಷಕ್ಕೆ 6.5 ಎಂದಿತ್ತು. ತಪ್ಪಿದ್ದು ಎಷ್ಟು? ಮೊದಲ ಅಂಕಿಗೆ ಹೋಲಿಸಿದರೆ 0.8, ಮೂರನೆಯದಕ್ಕೆ 1.7, ಕೊನೆಯದಕ್ಕೆ 2.7. ಅಂದಾಜು ಇದ್ದಲ್ಲೇ ಇದೆ, ಗುರಿಯೇ ಸರಿದಾಡಿತು.

ಇಳಿಮುಖ ವರ್ಷದಲ್ಲೂ ಹೀಗೇ. 2020-21ರ ಕುಸಿತವನ್ನು ಮೊದಲು 7.7 ಎಂದರು, ಆಮೇಲೆ 8.0, 7.3, 6.6, ಕೊನೆಗೆ 5.8.

ಇದರಲ್ಲಿ ಮೋಸ ಹುಡುಕಬೇಕಿಲ್ಲ. ಜನವರಿಯ ಅಂದಾಜು ಕಟ್ಟುವಾಗ ವರ್ಷದ ಏಳೆಂಟು ತಿಂಗಳ ಮಾಹಿತಿಯಷ್ಟೇ ಕೈಯಲ್ಲಿರುತ್ತದೆ, ಉಳಿದದ್ದನ್ನು ಹಿಂದಿನ ಜಾಡಿನ ಮೇಲೆ ಎಳೆಯುತ್ತಾರೆ. ಕಂಪನಿಗಳ ಪೂರ್ಣ ಲೆಕ್ಕಪತ್ರ, ರಾಜ್ಯಗಳ ಬಜೆಟ್‌ನ ನಿಜವಾದ ಖರ್ಚು, ಬೆಳೆಯ ಅಂತಿಮ ಲೆಕ್ಕ ಬರುವುದು ತಡವಾಗಿ. ಕೊಯ್ಲು ಅರ್ಧ ಮುಗಿದಾಗ ಹೇಳಿದ ಕ್ವಿಂಟಾಲ್ ಲೆಕ್ಕಕ್ಕೂ ಅಡಿಕೆ ಒಣಗಿ, ಸುಲಿದು, ತೂಗಿದ ಮೇಲಿನ ಲೆಕ್ಕಕ್ಕೂ ಎಷ್ಟು ದೂರ ಎನ್ನುವುದು ನಿಮಗೇ ಗೊತ್ತು.

ಹಾಗಾಗಿ ಸಂಶೋಧಕರು ಎರಡು ಕಟ್ಟುಪಾಡು ಹಾಕಿಕೊಳ್ಳುತ್ತಾರೆ. ಯಾವ ಪ್ರಕಟಣೆಗೆ ಹೋಲಿಸುತ್ತೇವೆ ಎಂದು ಲೆಕ್ಕ ಶುರು ಮಾಡುವ ಮೊದಲೇ ಬರೆದಿಡುವುದು ಒಂದು. ಅಂದಾಜು ಮಾಡಿದ ದಿನ ಕೈಯಲ್ಲಿದ್ದ ಅಂಕಿಗಳನ್ನು ಹಾಗೆಹಾಗೆಯೇ ಉಳಿಸಿಕೊಳ್ಳುವುದು ಇನ್ನೊಂದು. ಇಂಗ್ಲಿಷಿನಲ್ಲಿ ಇದಕ್ಕೆ ‘ವಿಂಟೇಜ್’ ಎನ್ನುತ್ತಾರೆ; ಅಮೆರಿಕದಲ್ಲಿ ಫಿಲಡೆಲ್ಫಿಯಾ ಫೆಡ್ (ಅಲ್ಲಿನ ಕೇಂದ್ರ ಬ್ಯಾಂಕ್ ವ್ಯವಸ್ಥೆಯ ಒಂದು ಪ್ರಾದೇಶಿಕ ಬ್ಯಾಂಕ್) ಇಂಥ ಕಡತವನ್ನು ಕಟ್ಟಿ ಎಲ್ಲರಿಗೂ ತೆರೆದಿಟ್ಟಿದೆ. ಭಾರತದ ಅಂಕಿಗಳಿಗೆ ಹಳೆಯ ಪತ್ರಿಕಾ ಪ್ರಕಟಣೆಗಳ ಪಿಡಿಎಫ್ ಒಂದೊಂದಾಗಿ ಇಳಿಸಿಕೊಂಡು, ಕೋಷ್ಟಕವನ್ನು ಕೈಯಲ್ಲೇ ತುಂಬಬೇಕಾಗುತ್ತದೆ. ಬೇಸರದ ಕೆಲಸ. ಪಿಎಚ್‌ಡಿಯ ಮೊದಲ ವರ್ಷದ ದೊಡ್ಡ ಪಾಲು ಇದಕ್ಕೇ ಹೋದರೆ ಆಶ್ಚರ್ಯಪಡಬೇಡಿ.

ಪ್ರಶ್ನೆ: ಎಂ.ಎ. ಪ್ರಬಂಧಕ್ಕೆ ಶಿವಮೊಗ್ಗ ಮಾರುಕಟ್ಟೆಯ ರಾಶಿ ಅಡಿಕೆ ಧಾರಣೆಯ ಮುನ್ನಂದಾಜು ಮಾಡಿದ್ದೇನೆ. 15 ವರ್ಷದ ತಿಂಗಳ ಸರಾಸರಿ ದರ, ಅರಿಮಾ ಮಾದರಿ (ಸರಣಿಯ ಹಿಂದಿನ ಅಂಕಿಗಳಿಂದಲೇ ಮುಂದಿನದನ್ನು ಅಂದಾಜಿಸುವುದು), ಆರ್-ಸ್ಕ್ವೇರ್ 0.98 ಬಂತು. ಆದರೂ ಪರೀಕ್ಷಕರು ‘ಇದು ಮುನ್ನಂದಾಜೇ ಅಲ್ಲ’ ಎಂದುಬಿಟ್ಟರು. ಎಲ್ಲಿ ತಪ್ಪಿದೆ?
— ವಿದ್ಯಾರ್ಥಿ, ಸಾಗರ

ಉತ್ತರ: ಮೂರು ಕಡೆ ತಪ್ಪಿರಬಹುದು, ಮೂರೂ ಈ ವಿಷಯದಲ್ಲಿ ಹೊಸಬರು ಸಾಮಾನ್ಯವಾಗಿ ಮಾಡುವ ತಪ್ಪುಗಳೇ.

ಮೊದಲನೆಯದು, 0.98ನ್ನು ನೋಡಿ ಖುಷಿಪಡಬೇಡಿ. ಆರ್-ಸ್ಕ್ವೇರ್ ಎಂದರೆ ಮಾದರಿ ಅಂಕಿಗಳಿಗೆ ಎಷ್ಟು ಹೊಂದುತ್ತದೆ ಎಂಬ ಅಳತೆ, ಒಂದು ಬಂದರೆ ಪೂರ್ತಿ ಹೊಂದಿಕೆ. ಧಾರಣೆಯಂಥ ಸರಣಿಯಲ್ಲಿ ಈ ತಿಂಗಳ ದರ ಕಳೆದ ತಿಂಗಳ ದರದ ಪಕ್ಕದಲ್ಲೇ ಇರುತ್ತದೆ. ‘ಕಳೆದ ತಿಂಗಳಿದ್ದಷ್ಟೇ ಈ ತಿಂಗಳೂ’ ಎಂದು ಮಾದರಿಯೇ ಇಲ್ಲದೆ ಹೇಳಿದರೂ 0.97, 0.98 ಬರುತ್ತದೆ. ಪರೀಕ್ಷೆ ಮಾಡಿ ನೋಡಿ: ನಿಜವಾದ ದರದ ಗೆರೆ, ನಿಮ್ಮ ಅಂದಾಜಿನ ಗೆರೆ ಎರಡನ್ನೂ ಒಂದೇ ಚಿತ್ರದಲ್ಲಿ ಎಳೆಯಿರಿ. ಅಂದಾಜಿನ ಗೆರೆ ನಿಜದ ಗೆರೆಯ ನಕಲಿನಂತಿದ್ದು ಒಂದು ತಿಂಗಳು ಬಲಕ್ಕೆ ಸರಿದಿದ್ದರೆ, ಮಾದರಿ ಏನನ್ನೂ ಕಲಿತಿಲ್ಲ, ಹಿಂದಿನ ದರವನ್ನು ತಿರುಗಿ ಹೇಳುತ್ತಿದೆ.

ಆದ್ದರಿಂದ ಮೊದಲು ಎದುರಾಳಿಯನ್ನು ನಿಲ್ಲಿಸಿ. ‘ಇವತ್ತಿನ ದರವೇ ನಾಳೆಯ ದರ’ ಎಂಬ ಸರಳ ಅಂದಾಜು ಆ ಎದುರಾಳಿ. ವಿನಿಮಯ ದರದ ವಿಷಯದಲ್ಲಿ 1983ರಲ್ಲಿ ಮೀಸ್ ಮತ್ತು ರೋಗಾಫ್ ಎಂಬಿಬ್ಬರು ಆ ಕಾಲದ ದೊಡ್ಡ ಮಾದರಿಗಳನ್ನೆಲ್ಲ ಇದರ ಮುಂದೆ ನಿಲ್ಲಿಸಿ, ಅವು ಗೆಲ್ಲಲಾರವು ಎಂದು ತೋರಿಸಿದರು. ಅಡಿಕೆಗೂ ಇದು ಕಠಿಣ ಎದುರಾಳಿಯೇ.

ಮಾದರಿಗೆ ಎಲ್ಲ 180 ತಿಂಗಳನ್ನೂ ತೋರಿಸಿ, ಅದೇ 180 ತಿಂಗಳಲ್ಲಿ ಪರೀಕ್ಷಿಸುವುದು ಎರಡನೇ ತಪ್ಪು. ಪ್ರಶ್ನೆಪತ್ರಿಕೆ ಮೊದಲೇ ಕೊಟ್ಟು ಪರೀಕ್ಷೆ ನಡೆಸಿದಂತೆ. ಹೀಗೆ ಮಾಡಿ: ಮೊದಲ 120 ತಿಂಗಳನ್ನು ಮಾತ್ರ ಕೊಟ್ಟು ಮಾದರಿ ಕಟ್ಟಿ, 121ನೆಯದನ್ನು ಅಂದಾಜಿಸಿ. 121ನೆಯದನ್ನು ಸೇರಿಸಿ ಮತ್ತೆ ಕಟ್ಟಿ, 122ನ್ನು ಅಂದಾಜಿಸಿ. ಹೀಗೆ 180ರವರೆಗೆ ಹೋದರೆ ಒಂದು ತಿಂಗಳ ಮುಂದಿನ ಅಂದಾಜು 60 ಸಿಗುತ್ತವೆ. ಮೂರು ತಿಂಗಳ ಮುಂದಿನದಾದರೆ 58, ಹನ್ನೆರಡು ತಿಂಗಳದಾದರೆ 49. ಪ್ರತಿ ದೂರಕ್ಕೂ ತಪ್ಪುಗಳ ಗಾತ್ರದ ಸರಾಸರಿ (ಕೂಡು-ಕಳೆ ಚಿಹ್ನೆ ಬಿಟ್ಟು) ತೆಗೆದು, ಸರಳ ಅಂದಾಜಿನ ತಪ್ಪಿನಿಂದ ಭಾಗಿಸಿ. ಒಂದಕ್ಕಿಂತ ಕಡಿಮೆ ಬಂದರೆ ಮಾದರಿಯಲ್ಲಿ ಏನೋ ಇದೆ. 0.97 ಬಂತೆಂದು ಕುಣಿಯಬೇಡಿ; ಅದು ಅದೃಷ್ಟವೋ ಅಲ್ಲವೋ ಎಂದು ಡೀಬೋಲ್ಡ್-ಮರಿಯಾನೋ ಪರೀಕ್ಷೆ (1995) ಹೇಳುತ್ತದೆ. ಮೂರು ತಿಂಗಳ ಅಂದಾಜುಗಳ ತಪ್ಪುಗಳು ಒಂದರ ಮೇಲೊಂದು ಹಾಸಿಕೊಂಡಿರುವುದರಿಂದ ಎರಡು ತಿಂಗಳ ಹಿಂದಿನವರೆಗಿನ ಸಹಸಂಬಂಧವನ್ನು (ಒಂದು ಅಂಕಿ ಇನ್ನೊಂದರ ಜೊತೆಗೆ ಏರಿಳಿಯುವುದನ್ನು) ಅದರಲ್ಲಿ ಲೆಕ್ಕಕ್ಕೆ ಹಿಡಿಯಬೇಕು. 58 ಅಂದಾಜು ಎಂದರೆ ಸಂಖ್ಯೆ ಕಡಿಮೆ, ಅದಕ್ಕೆ 1997ರಲ್ಲಿ ಬಂದ ಹಾರ್ವೆ-ಲೇಬೋರ್ನ್-ನ್ಯೂಬೋಲ್ಡ್ ತಿದ್ದುಪಡಿ ಬಳಸಿ.

ಮೂರನೆಯ ತಪ್ಪನ್ನು ಪರೀಕ್ಷಕರೇ ಗಮನಿಸದೆ ಹೋಗಬಹುದು. ನೀವು ‘ತಿಂಗಳ ಸರಾಸರಿ’ ತೆಗೆದುಕೊಂಡಿದ್ದೀರಿ. ದಿನದ ದರ ಯಾವ ಜಾಡೂ ಇಲ್ಲದೆ ಹಾಗೆಹೀಗೆ ಅಲೆಯುತ್ತಿದ್ದರೂ, ಅದರ ತಿಂಗಳ ಸರಾಸರಿಗಳ ಏರಿಳಿತದಲ್ಲಿ ಮಾತ್ರ ಸುಮಾರು 0.25ರಷ್ಟು ಸಹಸಂಬಂಧ ತಾನಾಗಿ ಹುಟ್ಟಿಕೊಳ್ಳುತ್ತದೆ. ಹಾಲ್‌ಬ್ರುಕ್ ವರ್ಕಿಂಗ್ ಇದನ್ನು 1960ರಲ್ಲೇ ತೋರಿಸಿದ್ದಾರೆ. ಅರಿಮಾ ಅದನ್ನು ಹಿಡಿದು ‘ಕಂಡುಹಿಡಿದೆ’ ಎನ್ನುತ್ತದೆ. ಆದರೆ ಮಂಡಿಯಲ್ಲಿ ಕೂತವರಿಗೆ ತಿಂಗಳ ಕೊನೆಯ ದಿನದ ದರ ಗೊತ್ತೇ ಇರುತ್ತದೆ, ಅವರ ಸರಳ ಅಂದಾಜು ನಿಮ್ಮದಕ್ಕಿಂತ ಚೆನ್ನಾಗಿರುತ್ತದೆ. ಆದ್ದರಿಂದ ಎದುರಾಳಿಯಾಗಿ ಕಳೆದ ತಿಂಗಳ ಸರಾಸರಿಯನ್ನಲ್ಲ, ಕಳೆದ ತಿಂಗಳ ಕೊನೆಯ ವಹಿವಾಟಿನ ದರವನ್ನು ನಿಲ್ಲಿಸಿ. ಎಷ್ಟೋ ಪ್ರಬಂಧಗಳ ‘ಗೆಲುವು’ ಇಲ್ಲಿ ಕರಗಿಹೋಗುತ್ತದೆ.

ಅಂಕಿ ಶುದ್ಧಿ ಮಾಡುವಾಗಲೂ ಕೆಲವು ಕಡೆ ಎಚ್ಚರ ಬೇಕು. ಅಡಿಕೆಯ ಬಗೆಗಳಾದ ರಾಶಿ, ಬೆಟ್ಟೆ, ಸರಕು, ಗೊರಬಲು ನಾಲ್ಕಕ್ಕೂ ಬೇರೆ ಬೇರೆ ಧಾರಣೆ. ಸೇರಿಸಿ ಸರಾಸರಿ ತೆಗೆದರೆ, ಆ ತಿಂಗಳು ಗೊರಬಲು ಹೆಚ್ಚು ಬಂದದ್ದೇ ‘ದರ ಕುಸಿತ’ವಾಗಿ ಕಾಣುತ್ತದೆ. ಅಗ್‌ಮಾರ್ಕ್‌ನೆಟ್‌ನಲ್ಲಿ (ಕೇಂದ್ರ ಸರ್ಕಾರದ ಮಾರುಕಟ್ಟೆ ದರದ ಜಾಲತಾಣ) ಕನಿಷ್ಠ, ಗರಿಷ್ಠ, ಮೋಡಲ್ (ಹೆಚ್ಚು ವಹಿವಾಟು ನಡೆದ ದರ) ಎಂದು ಮೂರು ದರ ಇರುತ್ತವೆ, ಮೋಡಲ್ ತೆಗೆದುಕೊಳ್ಳಿ. 2020ರ ಲಾಕ್‌ಡೌನ್‌ನಂತೆ ವಹಿವಾಟು ನಿಂತ ದಿನಗಳಿಗೆ ಸೊನ್ನೆ ಹಾಕಬೇಡಿ. ಹಿಂದಿನ ಮತ್ತು ಮುಂದಿನ ದರಗಳ ನಡುವೆ ಗೆರೆ ಎಳೆದು ತುಂಬಲೂ ಬೇಡಿ, ಹಾಗೆ ಮಾಡಿದರೆ ಮುಂದಿನ ದರ ಗುಟ್ಟಾಗಿ ಹಿಂದಕ್ಕೆ ನುಸುಳಿದಂತೆ. ಖಾಲಿ ಬಿಡಿ. 2023ರ ಫೆಬ್ರವರಿಯಲ್ಲಿ ಆಮದು ಅಡಿಕೆಯ ಕನಿಷ್ಠ ದರವನ್ನು ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿದರು. ಅಂಥ ದಿನದ ಆಚೀಚೆ ಮಾದರಿಯ ಗುಣಾಂಕಗಳು ಅದೇ ಇವೆಯೇ ಎಂದು ಬೇರೆಯಾಗಿ ನೋಡಬೇಕು.

ಇಷ್ಟೆಲ್ಲ ಮಾಡಿದ ಮೇಲೆ ನಿಮ್ಮ ಮಾದರಿ ಸರಳ ಅಂದಾಜಿಗೆ ಸೋತಿತೆಂದುಕೊಳ್ಳಿ. ಹಾಗೆಂದೇ ಬರೆಯಿರಿ. ಸೋತದ್ದನ್ನು ಸರಿಯಾಗಿ ತೋರಿಸಿದ ಪ್ರಬಂಧ, 0.98 ತೋರಿಸಿದ ಪ್ರಬಂಧಕ್ಕಿಂತ ಮೇಲು.

ಪ್ರಶ್ನೆ: ರಿಸರ್ವ್ ಬ್ಯಾಂಕ್ ಒಂದು ಅಂಕಿ ಹೇಳಿ ಸುಮ್ಮನಾಗುವುದು ಬಿಟ್ಟು ಬೀಸಣಿಗೆಯಂಥ ಚಿತ್ರ ಏಕೆ ಹಾಕುತ್ತದೆ? ತಪ್ಪಿದರೂ ಜಾರಿಕೊಳ್ಳಲೇ?
— ಓದುಗರು, ಕೊಪ್ಪ

ಉತ್ತರ: ಜಾರಿಕೊಳ್ಳಲು ಅಲ್ಲ, ಸಿಕ್ಕಿಬೀಳಲು. ಆ ಚಿತ್ರದಲ್ಲಿ 50, 70, 90 ಶೇಕಡದ ಪಟ್ಟಿಗಳಿವೆ, ಅಂದರೆ ಅಂಕಿ ಬೀಳಬಹುದಾದ ವ್ಯಾಪ್ತಿಗಳು. 50ರ ಪಟ್ಟಿಯೊಳಗೆ ನಿಜವಾದ ಅಂಕಿ ಹೆಚ್ಚುಕಡಿಮೆ ಎರಡು ಸಲಕ್ಕೊಮ್ಮೆ ಬೀಳಬೇಕು. ಯಾವಾಗಲೂ ಒಳಗೇ ಬಿದ್ದರೆ ಪಟ್ಟಿ ಅತಿ ಅಗಲವಾಗಿದೆ ಎಂದರ್ಥ, ಅದೂ ತಪ್ಪೇ. ಬ್ಯಾಂಕ್ ಆಫ್ ಇಂಗ್ಲೆಂಡ್ 1996ರಲ್ಲಿ ಇಂಥ ಚಿತ್ರ ಹಾಕಲು ಶುರು ಮಾಡಿತು.

ಪಟ್ಟಿ ಏಕೆ ಬೇಕೆಂಬುದು ತೋಟದಲ್ಲಿ ನಿಂತವರಿಗೆ ಬೇಗ ತಿಳಿಯುತ್ತದೆ. ಕೊಳೆರೋಗಕ್ಕೆ ಬೋರ್ಡೊ ಹೊಡೆಯುತ್ತೀರಿ: ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಒಂದು ಸುತ್ತಿಗೆ 20,000 ರೂಪಾಯಿ ಖರ್ಚು, ಹೊಡೆಯದೆ ರೋಗ ಬಂದರೆ 2,00,000 ನಷ್ಟ ಎಂದು ಲೆಕ್ಕಕ್ಕೆ ಹಿಡಿಯೋಣ. ಆಗ ರೋಗ ಬರುವ ಸಂಭವ ಹತ್ತು ಶೇಕಡ ದಾಟಿದರೂ ಹೊಡೆಯುವುದೇ ಲಾಭ. ‘ಹೆಚ್ಚಾಗಿ ಬರಲಿಕ್ಕಿಲ್ಲ’ ಎಂಬ ಒಂದೇ ಮಾತು ಇಲ್ಲಿ ಉಪಯೋಗಕ್ಕೆ ಬಾರದು. ಎಷ್ಟು ಶೇಕಡ ಎಂದು ಬೇಕು. ರಿಸರ್ವ್ ಬ್ಯಾಂಕಿಗೂ ಹೀಗೇ: ಹಣದುಬ್ಬರದ ಗುರಿ 4 ಶೇಕಡ, ಆಚೀಚೆ 2. ಸತತ ಮೂರು ತ್ರೈಮಾಸಿಕ ಇದರಿಂದ ಹೊರಗಿದ್ದರೆ ರಿಸರ್ವ್ ಬ್ಯಾಂಕ್ ಸರ್ಕಾರಕ್ಕೆ ಕಾರಣ ಬರೆದು ಕೊಡಬೇಕು, 2022ರಲ್ಲಿ ಹಾಗಾಯಿತು. 6 ದಾಟುವ ಸಂಭವ ಎಷ್ಟು ಎನ್ನುವುದು ಅವರಿಗೆ ಮಧ್ಯದ ಅಂಕಿಗಿಂತ ಮುಖ್ಯ.

ಪ್ರಶ್ನೆ: ಹಣದುಬ್ಬರ ಒಂದು ತಿಂಗಳು ಏಳು, ಮುಂದಿನ ವರ್ಷ ಅದೇ ತಿಂಗಳು ಮೂರೂವರೆ. ಅಂಗಡಿಯಲ್ಲಿ ಯಾವುದೂ ಇಳಿದಿರುವುದಿಲ್ಲ!
— ಗೃಹಿಣಿ, ಶೃಂಗೇರಿ

ಉತ್ತರ: ಹಣದುಬ್ಬರ ಇಳಿಯಿತೆಂದರೆ ದರ ಇಳಿಯಿತೆಂದಲ್ಲ, ಏರುವ ವೇಗ ಇಳಿಯಿತೆಂದು. 2023ರ ಜುಲೈ 7.44 ಶೇಕಡ, ಟೊಮೆಟೊ ಸಿಕ್ಕಾಪಟ್ಟೆ ಏರಿದ ತಿಂಗಳು. 2012ರ ಆಧಾರದ ಸರಣಿಯಲ್ಲಿ ಟೊಮೆಟೊದ ತೂಕ (ಮನೆಖರ್ಚಿನಲ್ಲಿ ಅದರ ಪಾಲು) ಬರೀ 0.57 ಶೇಕಡ, ಆದರೂ ದರ ಮೂರು ಪಟ್ಟಾದರೆ ಅದೊಂದರಿಂದಲೇ ಒಟ್ಟು ಅಂಕಿಗೆ ಒಂದಕ್ಕಿಂತ ಹೆಚ್ಚು ಸೇರುತ್ತದೆ (0.57ಕ್ಕೆ 200 ಶೇಕಡ, ಸ್ಥೂಲವಾಗಿ 1.14). 2024ರ ಜುಲೈ ಹೋಲಿಸಿಕೊಂಡದ್ದು ಆ ಎತ್ತರದ ಬುಡಕ್ಕೆ, ಹಾಗಾಗಿ ಮೊದಲ ಪ್ರಕಟಣೆಯಲ್ಲಿ 3.54. ಈ ‘ಬುಡದ ಪರಿಣಾಮ’ ಹನ್ನೆರಡು ತಿಂಗಳು ಮೊದಲೇ ಗೊತ್ತಿರುವುದರಿಂದ, ಹಣದುಬ್ಬರದ ಅಂದಾಜಿನಲ್ಲಿ ಅರ್ಧ ಕೆಲಸ ಬರೀ ಕೂಡು-ಕಳೆ. ಉಳಿದರ್ಧಕ್ಕೆ ತರಕಾರಿ, ಬೇಳೆ, ಎಣ್ಣೆಯ ದಿನದ ದರಗಳನ್ನು ಕೇಂದ್ರ ಗ್ರಾಹಕ ವ್ಯವಹಾರ ಇಲಾಖೆಯ ಪಟ್ಟಿಯಿಂದ ತೆಗೆದು, ತಿಂಗಳ ಸರಾಸರಿ ಮಾಡಿ, ತೂಕದಿಂದ ಗುಣಿಸುತ್ತಾರೆ.

ಪ್ರಶ್ನೆ: ಇದೆಲ್ಲ ಇನ್ನು ಎಐ ಮಾಡುತ್ತದೆ, ಪಿಎಚ್‌ಡಿ ಏಕೆ ಅಂತಾನೆ ನನ್ನ ಅಣ್ಣ. ಹೌದೇ?
— ಪದವಿ ವಿದ್ಯಾರ್ಥಿನಿ, ಹೊಸನಗರ

ಉತ್ತರ: ನಿಮ್ಮ ಅಣ್ಣನ ಮಾತು ಅಂಗಡಿಯ ಸರಕು ಎಷ್ಟು ಖರ್ಚಾಗುತ್ತದೆ ಎಂಬಂಥ ಅಂದಾಜಿಗೆ ಬಹುಪಾಲು ಸರಿ, ಅಲ್ಲಿ ಸಾವಿರಾರು ಸರಣಿ ಇರುತ್ತವೆ. ದೇಶದ ಜಿಡಿಪಿಗೆ ಇರುವುದು ಒಂದೇ ಸರಣಿ. ವರ್ಷಕ್ಕೆ ನಾಲ್ಕು ಅಂಕಿ, 25 ವರ್ಷಕ್ಕೆ ನೂರು. ನಡುವೆ ಆಧಾರ ವರ್ಷ ಬದಲಾದಾಗ ಹಳೆಯದು ಹೊಸದಕ್ಕೆ ನೇರ ಕೂಡುವುದಿಲ್ಲ. ಅಂದಾಜು ವಿಧಾನಗಳನ್ನು ಹೋಲಿಸುವ 2018ರ ಎಂ4 ಸ್ಪರ್ಧೆಯಲ್ಲಿ ಒಂದು ಲಕ್ಷ ಸರಣಿ ಕೊಟ್ಟಿದ್ದರು. ಗೆದ್ದದ್ದು ಹಳೆಯ ಸಂಖ್ಯಾಶಾಸ್ತ್ರದ ವಿಧಾನಕ್ಕೆ ನ್ಯೂರಲ್ ನೆಟ್‌ವರ್ಕ್ ಕಸಿ ಮಾಡಿದ್ದು. ಬರೀ ಯಂತ್ರಕಲಿಕೆಯವು ಹಿಂದೆ ಬಿದ್ದವು. ಹಲವು ಅಂದಾಜುಗಳ ಸರಾಸರಿ ತೆಗೆದವು ಮುಂದೆ ಬಂದವು. ಈ ಸರಾಸರಿಯ ಗುಣವನ್ನು ಬೇಟ್ಸ್ ಮತ್ತು ಗ್ರೇಂಜರ್ 1969ರಲ್ಲೇ ಬರೆದಿದ್ದರು.

ಚಾಟ್‌ಬಾಟ್‌ಗಳನ್ನು ಪರೀಕ್ಷಿಸುವಾಗ ಒಂದು ಹೊಸ ಬಗೆಯ ಸೋರಿಕೆ ಇದೆ. ‘ನೀನು 2019ರಲ್ಲಿದ್ದೀಯ, 2020ರ ಬೆಳವಣಿಗೆ ಹೇಳು’ ಎಂದರೆ ಅದು ಚೆನ್ನಾಗಿಯೇ ಹೇಳುತ್ತದೆ, ಏಕೆಂದರೆ 2020ರ ಪತ್ರಿಕೆಗಳನ್ನು ಓದಿ ಬಂದಿದೆ. ಇಂಥ ಸೋರಿಕೆಯನ್ನು ಹೇಗೆ ತಡೆಯುವುದು ಎನ್ನುವುದೇ ಈಗ ಪಿಎಚ್‌ಡಿಗೆ ಒಳ್ಳೆಯ ವಿಷಯ. ಅಣ್ಣನಿಗೆ ಹೇಳಿ.

ಪ್ರಶ್ನೆ: ಪೇಪರ್ ಎಲ್ಲಿ ಕಳಿಸುವುದು? ಹಣ ಕಟ್ಟಿದರೆ ಹತ್ತು ದಿನದಲ್ಲಿ ಪ್ರಕಟಿಸುತ್ತೇವೆ ಎಂಬ ಇಮೇಲ್ ದಿನಾ ಬರುತ್ತದೆ. ಜೀವನಕ್ಕೆ ಎಷ್ಟು ಸಿಗುತ್ತದೆ?
— ಸಂಶೋಧನಾ ವಿದ್ಯಾರ್ಥಿ, ಭದ್ರಾವತಿ

ಉತ್ತರ: ಆ ಇಮೇಲ್‌ಗಳನ್ನು ಅಳಿಸಿ. ಹತ್ತು ದಿನದಲ್ಲಿ ಪೇಪರ್ ಪರಿಶೀಲಿಸುವ ಯಾವ ರೆಫರಿಯೂ ನಿಮ್ಮ ಕೋಷ್ಟಕ ಪರೀಕ್ಷಿಸಲಾರರು. ಈ ಕ್ಷೇತ್ರದ ಎರಡು ಮುಖ್ಯ ಪತ್ರಿಕೆಗಳು ಜರ್ನಲ್ ಆಫ್ ಫೋರ್‌ಕಾಸ್ಟಿಂಗ್ (1982ರಿಂದ) ಮತ್ತು ಇಂಟರ್‌ನ್ಯಾಷನಲ್ ಜರ್ನಲ್ ಆಫ್ ಫೋರ್‌ಕಾಸ್ಟಿಂಗ್ (1985ರಿಂದ). ಭಾರತದ ವಿಷಯವಾದರೆ ರಿಸರ್ವ್ ಬ್ಯಾಂಕ್ ಅಕೇಷನಲ್ ಪೇಪರ್ಸ್ ಕೂಡ. ಕಳಿಸುವ ಮೊದಲು ಇಡೀ ಲೆಕ್ಕ ಒಂದೇ ಕೋಡ್ ಕಡತದಿಂದ ಮೊದಲಿಂದ ಕೊನೆವರೆಗೆ ಓಡುತ್ತದೆಯೇ ಎಂದು ಬೇರೊಂದು ಕಂಪ್ಯೂಟರಿನಲ್ಲಿ ನೋಡಿ. ಎಕ್ಸೆಲ್‌ನಲ್ಲಿ ಕೈಯಲ್ಲಿ ತಿದ್ದಿದ ಒಂದು ಸಾಲು ಇದ್ದರೂ, ಎರಡು ವರ್ಷ ಬಿಟ್ಟು ರೆಫರಿ ಕೇಳಿದಾಗ ನಿಮಗೇ ನೆನಪಿರುವುದಿಲ್ಲ. ‘ಇಂದಿನ ಪರಿಷ್ಕೃತ ಅಂಕಿಯಲ್ಲಿ 2015ರ ಅಂದಾಜು ಮಾಡಿದ್ದೀರಿ’ ಎಂಬುದು ತಿರಸ್ಕಾರ ಪತ್ರಗಳಲ್ಲಿ ಮತ್ತೆ ಮತ್ತೆ ಬರುವ ಆಕ್ಷೇಪ. ತೀರ್ಥಹಳ್ಳಿಯವರಿಗೆ ಕೊಟ್ಟ ಉತ್ತರ ನೋಡಿ.

ದುಡ್ಡಿನ ವಿಷಯ: ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ (ಸಂಶೋಧನಾ ಶಿಷ್ಯವೇತನ) ಸಿಕ್ಕರೆ 2023ರ ಪರಿಷ್ಕರಣೆಯಂತೆ ಮೊದಲ ಎರಡು ವರ್ಷ ತಿಂಗಳಿಗೆ 37,000, ಆಮೇಲೆ 42,000 ರೂಪಾಯಿ, ಮನೆ ಬಾಡಿಗೆ ಭತ್ಯೆ ಬೇರೆ. ಏಳನೇ ವೇತನ ಆಯೋಗದ ಪ್ರಕಾರ ಸಹಾಯಕ ಪ್ರಾಧ್ಯಾಪಕರ ಆರಂಭಿಕ ಮೂಲವೇತನ 57,700. ರಿಸರ್ವ್ ಬ್ಯಾಂಕಿನ ಆರ್ಥಿಕ ಸಂಶೋಧನಾ ವಿಭಾಗದ ‘ಬಿ’ ದರ್ಜೆ ಹುದ್ದೆಗೆ, ಕೇಂದ್ರದ ಭಾರತೀಯ ಆರ್ಥಿಕ ಸೇವೆಗೆ ಬೇರೆ ಪರೀಕ್ಷೆಗಳಿವೆ. ಎರಡಕ್ಕೂ ವಯೋಮಿತಿ ಇದೆ, ಪಿಎಚ್‌ಡಿ ಮುಗಿಯಲಿ ಎಂದು ಕಾಯುತ್ತಾ ಕೂತರೆ ಆರ್ಥಿಕ ಸೇವೆಯ ಬಸ್ಸು ಹೊರಟುಹೋಗಿರುತ್ತದೆ. ಜನ್ಮದಿನಾಂಕ ಹಿಡಿದು ಈಗಲೇ ಲೆಕ್ಕ ಹಾಕಿ.